ಹಾಲಿನ ಕ್ಯಾನು ಹೊರುವ ಗಾಡಿ: ಮನೆಯಲ್ಲೇ ಕಲಿಯಬಹುದಾದ ಆರೈಕೆ



ಕೆಚ್ಚಲು ಬಾವು, ಮೇವು, ಗರ್ಭಧಾರಣೆ ಎಂದು ಬರೆಯಬೇಕಾದ ಪಶುವೈದ್ಯಾಧಿಕಾರಿ ಈ ಬಾರಿ ಬೈಕಿನ ವಿಷಯ ಹಿಡಿದಿದ್ದೇಕೆ ಎಂದು ನೀವು ಕೇಳಬಹುದು. ನಮ್ಮ ಹುಣಸಮಾರನಹಳ್ಳಿ, ಬೆಟ್ಟಹಲಸೂರು, ಸೊಣ್ಣಪ್ಪನಹಳ್ಳಿ, ಚಿಕ್ಕಜಾಲದ ಕಡೆ ಕೊಟ್ಟಿಗೆಯಿಂದ ಡೇರಿಗೆ ಹಾಲು ಹೋಗುವುದು ಬಹುಮಟ್ಟಿಗೆ ಎರಡು ಚಕ್ರದ ಮೇಲೆ. ಎಕ್ಸೆಲ್ ಇರಲಿ, 100 ಸಿಸಿ ಬೈಕ್ ಇರಲಿ, ಬೆಳಿಗ್ಗೆ ಕ್ಯಾನು, ಮಧ್ಯಾಹ್ನ ಹಸಿ ಹುಲ್ಲಿನ ಹೊರೆ, ಸಂಜೆ ಮತ್ತೆ ಕ್ಯಾನು, ನಡುವೆ ಒಂದು ಮೂಟೆ ಬೂಸಾ. ಹಸುವಿಗೆ ಸ್ವಲ್ಪ ಜ್ವರ ಬಂದರೂ ಫೋನ್ ಮಾಡುವ ನಾವು ಗಾಡಿ ರಸ್ತೆಯಲ್ಲಿ ನಿಲ್ಲುವವರೆಗೆ ಅದರ ಕಡೆ ತಿರುಗಿಯೂ ನೋಡುವುದಿಲ್ಲ.

ಇಂಜಿನ್ ಬಿಚ್ಚುವುದನ್ನು ಈ ಪಾಠ ಕಲಿಸುವುದಿಲ್ಲ. ಸ್ಪಾನರ್ ಹಿಡಿದು ಅಭ್ಯಾಸವಿಲ್ಲದವರು, ಹೆಣ್ಣುಮಕ್ಕಳು, ಕಾಲೇಜಿಗೆ ಹೋಗುವ ಮಕ್ಕಳು ಯಾರು ಬೇಕಾದರೂ ಮಾಡಬಹುದಾದಷ್ಟನ್ನೇ ಹೇಳಿದ್ದೇನೆ. ಕೊನೆಯ ಭಾಗವನ್ನು ಮಾತ್ರ ದಯವಿಟ್ಟು ಬಿಡದೆ ಓದಿ. ಗಾಡಿ ರಿಪೇರಿಯ ಕಸದಿಂದ ಹಸುಗಳ ಪ್ರಾಣಕ್ಕೆ ಕುತ್ತು ಬರುವ ವಿಷಯ ಅಲ್ಲಿದೆ.

ಗಾಡಿ ಕೆಟ್ಟರೆ ಹಾಲಿಗೆ ಏನಾಗುತ್ತದೆ?

ಆಗಷ್ಟೇ ಕರೆದ ಹಾಲಿನ ಬಿಸಿ ಹಸುವಿನ ಮೈ ಬಿಸಿಯಷ್ಟೇ, ಸುಮಾರು 38 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಬ್ಯಾಕ್ಟೀರಿಯಾಗಳಿಗೆ ಇದು ಹೇಳಿಮಾಡಿಸಿದ ಬಿಸಿ. ಅವು ಬೆಳೆಯತೊಡಗಿದರೆ ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗಬಲ್ಲವು. ಈ ಲೆಕ್ಕದಲ್ಲಿ ಒಂದು ಗಂಟೆ ತಡವಾದರೆ ನಾಲ್ಕು ಪಟ್ಟು, ಎರಡು ಗಂಟೆ ತಡವಾದರೆ ಹದಿನಾರು ಪಟ್ಟು. ಹಾಲು ಶೀತಲೀಕರಣ ಘಟಕ ಸೇರಿ 4 ಡಿಗ್ರಿಗೆ ಇಳಿದ ಮೇಲಷ್ಟೇ ಈ ಬೆಳವಣಿಗೆ ಹಿಡಿತಕ್ಕೆ ಬರುತ್ತದೆ. ಕೊಟ್ಟಿಗೆಯಲ್ಲಿ ಎಷ್ಟೇ ಶುಚಿಯಾಗಿ ಕರೆದಿದ್ದರೂ ಪಂಕ್ಚರ್ ಆದ ಗಾಡಿಯ ಪಕ್ಕದಲ್ಲಿ ಬಿಸಿಲಿಗೆ ನಿಂತ ಕ್ಯಾನಿನ ಹಾಲು ಕೆಡುತ್ತದೆ. ಒಂದು ಕ್ಯಾನಿನ ಹುಳಿ ಹಾಲು ತಿಳಿಯದೆ ಬೆರೆತರೆ ಸಂಘದ ಎಲ್ಲರ ಹಾಲಿಗೂ ಕುತ್ತು.

ಮನೆಯಲ್ಲಿ ಇರಬೇಕಾದ ಸಾಮಾನು

ಗಾಡಿಯ ಜೊತೆ ಕೊಟ್ಟ ಟೂಲ್ ಕಿಟ್, ಟೈರ್ ಗಾಳಿ ನೋಡುವ ಸಣ್ಣ ಗೇಜ್, ಕಾಲಿನಿಂದ ಒತ್ತುವ ಪಂಪು, ಪ್ಲಗ್ ಸ್ಪಾನರ್, ಹಳೆಯ ಹಲ್ಲುಜ್ಜುವ ಬ್ರಷ್, ಹಳೆ ಬಟ್ಟೆ, ಮುಚ್ಚಳವಿರುವ ಹಳೆಯ ಐದು ಲೀಟರ್ ಡಬ್ಬ, ಇನ್ನೊಂದು ಸಣ್ಣ ತಗಡಿನ ಡಬ್ಬ. ಇಷ್ಟು ಸಾಕು. ಡಬ್ಬಗಳು ಏಕೆಂದು ಮುಂದೆ ತಿಳಿಯುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಗಾಡಿ ಕೊಂಡಾಗ ಕೊಟ್ಟ ಕೈಪಿಡಿ. ಗಾಳಿ ಎಷ್ಟಿರಬೇಕು, ಯಾವ ಆಯಿಲ್, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು, ಎಷ್ಟು ಭಾರ ಹೊರಬಹುದು ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ನಾನು ಇಲ್ಲಿ ಕೊಡುವ ಅಂಕಿಗಳು ಸಾಮಾನ್ಯ ಅಂದಾಜು. ನಿಮ್ಮ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯ ಮಾತೇ ಅಂತಿಮ.

ದಿನಕ್ಕೆ ಐದು ನಿಮಿಷ

ಬೆಳಿಗ್ಗೆ ಕೊಟ್ಟಿಗೆಗೆ ಹೋದಾಗ ನೀವು ಹಸುವಿನ ಕಣ್ಣು, ಮೂಗು, ಮೆಲುಕು, ಸಗಣಿ ನೋಡುತ್ತೀರಿ. ಕೇಳದೆಯೇ ಕಣ್ಣು ಅಲ್ಲಿಗೆ ಹೋಗುತ್ತದೆ. ಗಾಡಿಯನ್ನೂ ಹಾಗೆಯೇ ನೋಡುವ ರೂಢಿ ಮಾಡಿಕೊಳ್ಳಿ. ಕ್ಯಾನು ಏರಿಸುವ ಮೊದಲು ಈ ಐದು ನೋಡಿ:

1. ಗಾಳಿ: ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ವಾರಕ್ಕೊಮ್ಮೆ ಗೇಜ್ ಇಟ್ಟು ನೋಡಿ. ಹಲವು 100 ಸಿಸಿ ಬೈಕುಗಳಿಗೆ ಮುಂದೆ 25, ಒಬ್ಬರೇ ಇದ್ದಾಗ ಹಿಂದೆ 28 ಪಿಎಸ್‌ಐ ಆಸುಪಾಸು ಬೇಕು. ಹಿಂದೆ ಭಾರವಿದ್ದರೆ ಹಿಂದಿನ ಟೈರಿಗೆ ಇನ್ನೂ ಹೆಚ್ಚು. ಕೈಪಿಡಿಯಲ್ಲಿ ಇಬ್ಬರು ಕುಳಿತಾಗ ಎಂದು ಕೊಟ್ಟಿರುವ ಅಳತೆಯೇ ಕ್ಯಾನು ಹೊರುವ ನಿಮಗೆ ಅನ್ವಯ. ಗಾಳಿ ನೋಡುವುದು ಟೈರ್ ತಣ್ಣಗಿರುವಾಗ.

2. ಬ್ರೇಕು: ಗಾಡಿಯನ್ನು ತಳ್ಳುತ್ತಾ ಮುಂದಿನದನ್ನು ಒಮ್ಮೆ, ಹಿಂದಿನದನ್ನು ಒಮ್ಮೆ ಹಿಡಿಯಿರಿ. ಎರಡೂ ಪ್ರತ್ಯೇಕವಾಗಿ ಗಾಡಿಯನ್ನು ನಿಲ್ಲಿಸಬೇಕು.

3. ದೀಪ: ಹೆಡ್‌ಲೈಟ್, ಇಂಡಿಕೇಟರ್, ಬ್ರೇಕ್ ಲೈಟ್. ಬೆಳಗಿನ ಜಾವದ ಮಂಜಿನಲ್ಲಿ ಹಿಂದಿನವರಿಗೆ ನೀವು ಕಾಣುವುದು ಹಿಂದಿನ ದೀಪದಿಂದಲೇ. ಹುಲ್ಲಿನ ಹೊರೆ ಅದನ್ನು ಮುಚ್ಚದಿರಲಿ.

4. ಸೋರಿಕೆ: ರಾತ್ರಿ ಗಾಡಿ ನಿಂತ ಜಾಗದಲ್ಲಿ ಆಯಿಲ್ ಅಥವಾ ಪೆಟ್ರೋಲ್ ಹನಿ ಬಿದ್ದಿದೆಯೇ?

5. ಕಟ್ಟು: ಕ್ಯಾನು ಕೂರುವ ಸ್ಟ್ಯಾಂಡಿನ ಬೋಲ್ಟು ಸಡಿಲವಾಗಿದೆಯೇ, ರಬ್ಬರ್ ಟ್ಯೂಬು ಬಿರುಕು ಬಿಟ್ಟಿದೆಯೇ, ಹಗ್ಗದ ತುದಿ ಚಕ್ರದ ಕಡೆ ಜೋತಾಡುತ್ತಿದೆಯೇ?

ಚೈನು: ಮೊದಲು ಕಲಿಯಬೇಕಾದ ಕೆಲಸ

ಭಾರ ಹೊರುವ ಗಾಡಿಯಲ್ಲಿ ಬೇಗ ಸವೆಯುವುದು ಚೈನು ಮತ್ತು ಅದರ ಹಲ್ಲುಚಕ್ರ. ಕೊಟ್ಟಿಗೆ ಮನೆಯವರ ಗಾಡಿಗೆ ಇನ್ನೊಂದು ಕಾಟವೂ ಉಂಟು. ಗಂಜಲದಿಂದ ಏಳುವ ಅಮೋನಿಯಾ ಮತ್ತು ತೇವ ಸೇರಿ ಚೈನು, ಕಡ್ಡಿ, ಬೋಲ್ಟುಗಳಿಗೆ ಬೇಗ ತುಕ್ಕು ಹಿಡಿಸುತ್ತವೆ. ಆದ್ದರಿಂದ ಮೊದಲ ನಿಯಮ, ಗಾಡಿಯನ್ನು ಕೊಟ್ಟಿಗೆಯೊಳಗೆ ನಿಲ್ಲಿಸಬೇಡಿ.

ಚೈನು ನೋಡುವಾಗ ಇಂಜಿನ್ ಆಫ್ ಆಗಿರಬೇಕು, ಗೇರು ನ್ಯೂಟ್ರಲ್‌ನಲ್ಲಿರಬೇಕು, ಗಾಡಿ ಡಬಲ್ ಸ್ಟ್ಯಾಂಡಿನ ಮೇಲಿರಬೇಕು. ಚಕ್ರವನ್ನು ಕೈಯಿಂದಲೇ ತಿರುಗಿಸಿ. ಇಂಜಿನ್ ಓಡುತ್ತಿರುವಾಗ ಚೈನಿಗೆ ಬಟ್ಟೆ ಹಿಡಿದರೆ ಬಟ್ಟೆಯ ಜೊತೆ ಬೆರಳೂ ಹಲ್ಲುಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಈ ಕೆಲಸವನ್ನು ಎಂದಿಗೂ ಹಾಗೆ ಮಾಡಬೇಡಿ.

ಎರಡು ಹಲ್ಲುಚಕ್ರಗಳ ನಡುವೆ ಚೈನನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ. ಚೈನು ಕವರಿನೊಳಗಿದ್ದರೆ ಅದನ್ನು ನೋಡಲೆಂದೇ ಒಂದು ರಬ್ಬರ್ ಬಿರಡೆ ಇರುತ್ತದೆ, ಅದನ್ನು ತೆಗೆಯಿರಿ. ಆಟ ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್, ಅಂದರೆ ಸುಮಾರು ಒಂದು ಅಂಗುಲ ಇರಬೇಕು. ಚಕ್ರವನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕು ಕಡೆ ನೋಡಿ. ಚೈನು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಅತಿ ಬಿಗಿಯಾದ ಕಡೆಯ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಿರಿ.

ಬಿಗಿ ಮಾಡುವುದು ಹೀಗೆ: ಹಿಂದಿನ ಚಕ್ರದ ದೊಡ್ಡ ನಟ್ಟು ಸಡಿಲಿಸಿ. ಎರಡೂ ಬದಿಯ ಅಡ್ಜಸ್ಟರ್ ನಟ್ಟುಗಳನ್ನು ಸಮ ಸಮವಾಗಿ, ಒಂದು ಸಲಕ್ಕೆ ಅರ್ಧ ಸುತ್ತಿನಂತೆ ತಿರುಗಿಸಿ. ಎರಡೂ ಬದಿಯ ಗೆರೆಗಳು ಒಂದೇ ಗುರುತಿನಲ್ಲಿರಬೇಕು, ಇಲ್ಲದಿದ್ದರೆ ಚಕ್ರ ಓರೆಯಾಗುತ್ತದೆ. ಆಟವನ್ನು ಮತ್ತೆ ನೋಡಿ ದೊಡ್ಡ ನಟ್ಟನ್ನು ಗಟ್ಟಿಯಾಗಿ ಬಿಗಿಯಿರಿ. ಚಕ್ರ ಹಿಂದೆ ಸರಿದರೆ ಹಿಂದಿನ ಬ್ರೇಕಿನ ಆಟವೂ ಬದಲಾಗುತ್ತದೆ. ಬ್ರೇಕನ್ನು ಮತ್ತೆ ಸರಿಮಾಡಿಕೊಳ್ಳದೆ ರಸ್ತೆಗೆ ಇಳಿಯಬೇಡಿ. ಮೊದಲ ಎರಡು ಸಲ ಗೊತ್ತಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.

ಭಾರ ಹೊರುತ್ತೇವೆಂದು ಚೈನನ್ನು ಬಿರುಸಾಗಿ ಎಳೆದು ಕಟ್ಟುವವರಿದ್ದಾರೆ. ಇದು ತಪ್ಪು. ಕ್ಯಾನು ಏರಿಸಿದಾಗ ಹಿಂದಿನ ಶಾಕ್ ಅಬ್ಸಾರ್ಬರ್ ಕುಗ್ಗಿ ಚೈನು ತಾನಾಗಿಯೇ ಇನ್ನಷ್ಟು ಬಿಗಿಯಾಗುತ್ತದೆ. ಮೊದಲೇ ಬಿಗಿ ಇದ್ದರೆ ಬೇರಿಂಗು ಹೋಗುತ್ತದೆ ಅಥವಾ ಚೈನು ತುಂಡಾಗುತ್ತದೆ.

ವಾರಕ್ಕೊಮ್ಮೆ ಹಳೆ ಬಟ್ಟೆಯಿಂದ ಚೈನು ಒರೆಸಿ, ಚೈನ್ ಲೂಬ್ ಅಥವಾ ಕೈಪಿಡಿ ಹೇಳಿದ ಗೇರ್ ಆಯಿಲ್ ಹಚ್ಚಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಮಳೆಯಲ್ಲಿ ನೆನೆದ ದಿನವೂ ಇದನ್ನು ಮಾಡಿ.

ಬ್ರೇಕು ಮತ್ತು ಭಾರ

ಹಾಲು ನೀರಿಗಿಂತ ಸ್ವಲ್ಪ ತೂಕ. ಒಂದು ಲೀಟರ್ ಸುಮಾರು 1.03 ಕಿಲೋ ತೂಗುತ್ತದೆ. ತುಂಬಿದ 40 ಲೀಟರ್ ಕ್ಯಾನಿನಲ್ಲಿ ಹಾಲೇ 41 ಕಿಲೋ, ಕ್ಯಾನಿನ ತೂಕ ಬೇರೆ. ಎರಡು ಕ್ಯಾನು ಎಂದರೆ ಒಬ್ಬ ದೊಡ್ಡ ಆಳಿಗಿಂತ ಹೆಚ್ಚು.

ಇಷ್ಟು ಭಾರ ಹೊತ್ತು ನೀವು ಬರುವುದು ಬಳ್ಳಾರಿ ರಸ್ತೆಯ ಬದಿಗೆ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಹೆದ್ದಾರಿಯಲ್ಲಿ ಬೆಳಗಿನ ಜಾವ, ಸರಿರಾತ್ರಿ ಎನ್ನುವ ಭೇದವಿಲ್ಲದೆ ಕಾರುಗಳು ಓಡುತ್ತಿವೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ನಿಮ್ಮ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ವೇಗ ದುಪ್ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಕ್ಯಾನು ಇದ್ದಾಗ ನಿಧಾನವೇ ಸರಿ. ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದ ನುಗ್ಗುವುದು ಬೇಡ. ಡೇರಿ ಇಲ್ಲೇ ಇದೆಯಲ್ಲ ಎಂದು ಹೆಲ್ಮೆಟ್ ಬಿಟ್ಟು ಹೋಗುವುದೂ ಬೇಡ.

ಡ್ರಮ್ ಬ್ರೇಕ್ ಇದ್ದರೆ ಹಿಂದಿನ ಪೆಡಲ್ ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್ ಇಳಿದ ಮೇಲೆ ಹಿಡಿಯಬೇಕು. ಅದಕ್ಕಿಂತ ಹೆಚ್ಚು ಇಳಿದರೆ ಚಕ್ರದ ಹತ್ತಿರ ಬ್ರೇಕ್ ಕಡ್ಡಿಯ ತುದಿಯಲ್ಲಿರುವ ನಟ್ಟನ್ನು ಬಿಗಿಸಿ. ಬಿಗಿಸಿದ ಮೇಲೆ ಚಕ್ರ ಎತ್ತಿ ತಿರುಗಿಸಿದರೆ ಉಜ್ಜದೆ ತಿರುಗಬೇಕು. ಹಲವು ಗಾಡಿಗಳ ಡ್ರಮ್ಮಿನ ಮೇಲೆ ಒಂದು ಬಾಣದ ಗುರುತಿರುತ್ತದೆ. ಬ್ರೇಕ್ ಒತ್ತಿ ಹಿಡಿದಾಗ ಆ ಬಾಣ ಎದುರಿನ ಗೆರೆಯನ್ನು ಮುಟ್ಟಿತೆಂದರೆ ಬ್ರೇಕ್ ಶೂ ಮುಗಿದಿದೆ. ಆಗ ನಟ್ಟು ಬಿಗಿಸುತ್ತಾ ದಿನ ದೂಡಬೇಡಿ, ಹೊಸ ಶೂ ಹಾಕಿಸಿ.

ಕ್ಯಾನುಗಳು ಎರಡೂ ಬದಿ ಸಮತೂಕವಾಗಿರಲಿ, ಆದಷ್ಟು ತಗ್ಗಿನಲ್ಲಿ ಕೂರಲಿ. ಅರ್ಧ ತುಂಬಿದ ದೊಡ್ಡ ಕ್ಯಾನಿಗಿಂತ ತುಂಬಿದ ಸಣ್ಣ ಕ್ಯಾನು ಒಳ್ಳೆಯದು. ಅರ್ಧ ಕ್ಯಾನಿನ ಹಾಲು ತಿರುವಿನಲ್ಲಿ ಹೊಯ್ದಾಡಿ ಗಾಡಿಯನ್ನು ಎಳೆಯುತ್ತದೆ. ಜೊತೆಗೆ ಹೆಚ್ಚು ಕುಲುಕಿದ ಬಿಸಿ ಹಾಲಿನಲ್ಲಿ ಕೊಬ್ಬಿನ ಕಣಗಳು ಒಡೆದು ಮುಚ್ಚಳಕ್ಕೆ, ಕ್ಯಾನಿನ ಗೋಡೆಗೆ ಅಂಟಿಕೊಳ್ಳುತ್ತವೆ. ಹಾಗಾದಾಗ ಸ್ಯಾಂಪಲ್ ಸರಿಯಾಗಿ ಸಿಗದೆ ಫ್ಯಾಟ್ ಕಡಿಮೆ ತೋರಬಹುದು.

ತಿಂಗಳಿಗೊಮ್ಮೆ: ಆಯಿಲ್, ಫಿಲ್ಟರ್, ಪ್ಲಗ್ಗು

ಇಂಜಿನ್ ಆಯಿಲ್: ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನನ್ನು ಎರಡು ಮೂರು ನಿಮಿಷ ಓಡಿಸಿ ಆಫ್ ಮಾಡಿ, ಆಯಿಲ್ ಕೆಳಗಿಳಿಯಲು ಸ್ವಲ್ಪ ಹೊತ್ತು ಬಿಡಿ. ಅಳತೆ ಕಡ್ಡಿ ತೆಗೆದು ಒರೆಸಿ, ಮತ್ತೆ ಇಟ್ಟು ನೋಡಿ. ಕಡ್ಡಿಯನ್ನು ತಿರುಗಿಸಿ ಕೂರಿಸಬೇಕೋ ಸುಮ್ಮನೆ ಇಡಬೇಕೋ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಕಾರಿನ ಆಯಿಲ್ ಉಳಿದಿದೆ ಎಂದು ಬೈಕಿಗೆ ಸುರಿಯಬೇಡಿ. ಬೈಕಿನ ಕ್ಲಚ್ ಅದೇ ಆಯಿಲಿನಲ್ಲಿ ಮುಳುಗಿರುತ್ತದೆ, ಕಾರಿನ ಆಯಿಲಿನಿಂದ ಅದು ಜಾರತೊಡಗಬಹುದು. ಹಳೆಯ ಟೂ-ಸ್ಟ್ರೋಕ್ ಎಕ್ಸೆಲ್ ಇದ್ದವರು ಪೆಟ್ರೋಲಿಗೆ ಟೂ-ಟಿ ಆಯಿಲ್ ಬೆರೆಸುವುದನ್ನು ಮರೆಯುವಂತಿಲ್ಲ.

ಏರ್ ಫಿಲ್ಟರ್: ಇದು ಇಂಜಿನ್ನಿನ ಮೂಗು. ಬೂಸಾದ ದೂಳು, ಮಣ್ಣು ರಸ್ತೆಯ ದೂಳು ಕಟ್ಟಿದರೆ ಗಾಡಿ ಏದುಸಿರು ಬಿಡುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಸ್ಪಂಜಿನ ಫಿಲ್ಟರನ್ನು ಕೈಪಿಡಿ ಹೇಳಿದಂತೆ ತೊಳೆಯಬಹುದು. ಕಾಗದದ ಫಿಲ್ಟರನ್ನು ತೊಳೆಯುವಂತಿಲ್ಲ, ಬದಲಿಸಬೇಕು. ಗಾಡಿ ತೊಳೆಯುವಾಗ ಫಿಲ್ಟರ್ ಡಬ್ಬಕ್ಕೆ ನೇರ ನೀರು ಹೊಡೆಯಬೇಡಿ.

ಪ್ಲಗ್ಗು: ಇಂಜಿನ್ ತಣ್ಣಗಿರುವಾಗ ಬಿಚ್ಚಿ. ನಾವು ಸಗಣಿ ನೋಡಿ ಹೊಟ್ಟೆಯ ಸ್ಥಿತಿ ಹೇಳುವಂತೆ ಪ್ಲಗ್ ನೋಡಿ ಇಂಜಿನ್ನಿನ ಸ್ಥಿತಿ ಹೇಳಬಹುದು. ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಎಲ್ಲ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ ಅಥವಾ ಫಿಲ್ಟರ್ ಕಟ್ಟಿದೆ. ಆಯಿಲ್ ಜಿಡ್ಡಿದ್ದರೆ ಇಂಜಿನ್ ಆಯಿಲ್ ಸುಡುತ್ತಿದೆ, ಮೆಕ್ಯಾನಿಕ್ ನೋಡಬೇಕು. ಮತ್ತೆ ಹಾಕುವಾಗ ಮೊದಲು ಬರಿಗೈಯಲ್ಲೇ ಮರೆ ಕೂರಿಸಿ, ಕೊನೆಗೆ ಸ್ಪಾನರ್ ಹಾಕಿ. ಓರೆಯಾಗಿ ಬಿಗಿದರೆ ಅಲ್ಯೂಮಿನಿಯಂ ಹೆಡ್ಡಿನ ಮರೆಯೇ ಕಿತ್ತುಹೋಗುತ್ತದೆ.

ಸ್ಟಾರ್ಟ್ ಆಗದಿದ್ದರೆ

ಗಾಬರಿಯಿಂದ ಕಿಕ್ ಹೊಡೆಯುತ್ತಾ ಹೋಗಬೇಡಿ. ಇದೇ ಕ್ರಮದಲ್ಲಿ ನೋಡಿ:

1. ಕೀಲಿ ಆನ್ ಆಗಿದೆಯೇ, ಇಂಜಿನ್ ನಿಲ್ಲಿಸುವ ಸ್ವಿಚ್ಚಿಗೆ ಕೈ ತಾಗಿದೆಯೇ, ಸೈಡ್ ಸ್ಟ್ಯಾಂಡ್ ಮೇಲಿದೆಯೇ? ಹಲವು ಹೊಸ ಗಾಡಿಗಳಲ್ಲಿ ಸೈಡ್ ಸ್ಟ್ಯಾಂಡ್ ಇಳಿದಿದ್ದರೆ ಇಂಜಿನ್ ಓಡುವುದಿಲ್ಲ.
2. ಪೆಟ್ರೋಲ್ ಇದೆಯೇ? ಹಳೆ ಗಾಡಿಯಾದರೆ ಪೆಟ್ರೋಲ್ ಕಾಕು ತೆರೆದಿದೆಯೇ? ಟ್ಯಾಂಕಿನೊಳಗೆ ನೋಡಲು ಬೆಂಕಿಕಡ್ಡಿ ಗೀರಬೇಡಿ.
3. ಪ್ಲಗ್ಗಿನ ಕ್ಯಾಪು ಕಳಚಿದೆಯೇ?
4. ಹಾರ್ನ್, ದೀಪ ಮಂದವಾಗಿವೆಯೇ? ಬ್ಯಾಟರಿ ಇಳಿದಿದೆ ಅಥವಾ ಫ್ಯೂಸ್ ಹೋಗಿದೆ.

ಈ ನಾಲ್ಕನ್ನೂ ನೋಡಿ ಆಗದಿದ್ದರೆ ಮೆಕ್ಯಾನಿಕ್‌ಗೆ ಫೋನ್ ಮಾಡಿ, ಹಾಲನ್ನು ಪಕ್ಕದ ಮನೆಯವರ ಗಾಡಿಯಲ್ಲಿ ಕಳಿಸಿಬಿಡಿ. ಹಾಲು ಕಾಯುವುದಿಲ್ಲ, ಗಾಡಿ ಕಾಯುತ್ತದೆ.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದಿದೆ. ಈಗಿನ ಹಲವು ಗಾಡಿಗಳಲ್ಲಿ ಕಾರ್ಬೊರೇಟರ್ ಬದಲು ಇಂಧನ ಇಂಜೆಕ್ಷನ್ ಇದೆ. ಅದರ ವಯರು, ಸೆನ್ಸರು, ಇಂಜಿನ್ನಿನ ಒಳಭಾಗ, ಡಿಸ್ಕ್ ಬ್ರೇಕಿನ ಆಯಿಲ್, ಇವು ನಮ್ಮ ಕೈಕೆಲಸಗಳಲ್ಲ. ಮನೆಮದ್ದಿಗೂ ಒಂದು ಮಿತಿ ಉಂಟು ಎಂದು ಹಸುವಿನ ವಿಷಯದಲ್ಲಿ ಹೇಳುತ್ತೇನಲ್ಲ, ಅದೇ ಮಾತು ಇಲ್ಲೂ.

ಮನೆಯ ಮಕ್ಕಳಿಗೆ ಈ ಕೆಲಸವನ್ನು ಪೂರ್ತಿಯಾಗಿ ಕಲಿಯುವ ಆಸಕ್ತಿ ಇದ್ದರೆ ದಾರಿ ದೂರವಿಲ್ಲ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಬೆಂಗಳೂರು ಶಾಖೆ ನೆಲಮಂಗಲದ ಅರಿಶಿನಕುಂಟೆಯಲ್ಲಿದೆ. ಗ್ರಾಮೀಣ ಯುವಜನರಿಗೆ ಊಟ, ವಸತಿ ಸಹಿತ ಉಚಿತ ಸ್ವಉದ್ಯೋಗ ತರಬೇತಿ ಕೊಡುವ ಸಂಸ್ಥೆ ಅದು. ಇಂಥ ಸಂಸ್ಥೆಗಳು ಕೊಡುವ ತರಬೇತಿಗಳಲ್ಲಿ ದ್ವಿಚಕ್ರ ವಾಹನ ರಿಪೇರಿಯೂ ಒಂದು. ಮುಂದಿನ ತಂಡ ಯಾವಾಗ ಎಂದು ಅಲ್ಲಿಯೇ ವಿಚಾರಿಸಿ.

ರಿಪೇರಿಯ ಕಸ ಕೊಟ್ಟಿಗೆಗೆ ಸೇರದಿರಲಿ

ಈಗ ಪಶುವೈದ್ಯನಾಗಿ ನಾನು ಹೇಳಲೇಬೇಕಾದ ಮಾತು. ಮನೆಯಂಗಳದಲ್ಲಿ ಗಾಡಿ ರಿಪೇರಿ ಶುರುವಾದರೆ ಅದರ ಕಸವೂ ಅಂಗಳದಲ್ಲೇ ಬೀಳುತ್ತದೆ. ಅದೇ ಅಂಗಳದಲ್ಲಿ ಹಸು ಕಟ್ಟಿರುತ್ತೇವೆ, ಹುಲ್ಲು ಹಾಕುತ್ತೇವೆ.

ತಂತಿ ಚೂರು: ಹಳೆಯ ಕ್ಲಚ್ ವಯರ್, ಬ್ರೇಕ್ ವಯರ್ ಕತ್ತರಿಸಿದಾಗ ಸೂಜಿಯಂಥ ಎಳೆಗಳು ಉದುರುತ್ತವೆ. ಹಸು ಮೇಕೆಯ ಹಾಗೆ ಆರಿಸಿ ತಿನ್ನುವುದಿಲ್ಲ, ನಾಲಿಗೆ ಸುತ್ತಿ ಎಳೆದು ನುಂಗುತ್ತದೆ. ನುಂಗಿದ ತಂತಿ ಹೊಟ್ಟೆಯ ಜೇನುಗೂಡಿನಂಥ ಭಾಗದಲ್ಲಿ ನಿಲ್ಲುತ್ತದೆ. ಆ ಭಾಗಕ್ಕೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ವಪೆ ಮಾತ್ರ. ಹೊಟ್ಟೆ ಅದುಮಿದಾಗ, ಮುಖ್ಯವಾಗಿ ಗಬ್ಬದ ಕೊನೆಯ ತಿಂಗಳುಗಳಲ್ಲಿ ಮತ್ತು ಕರು ಹಾಕುವಾಗ, ತಂತಿ ಮುಂದಕ್ಕೆ ಚುಚ್ಚಿ ಹೃದಯದ ಚೀಲವನ್ನು ತಲುಪಬಹುದು. ಹಾಲು ಒಮ್ಮೆಲೇ ಇಳಿಯುವುದು, ಮೇವು ಬಿಡುವುದು, ಮುಂಗಾಲಿನ ಮೊಣಕೈ ಹೊರಕ್ಕೆ ಚಾಚಿ ನಿಲ್ಲುವುದು, ಮಲಗಲು ಏಳಲು ನರಳುವುದು, ಕೊನೆಗೆ ಗಂಗೆದೊಗಲಿನಲ್ಲಿ ಬಾವು. ಬಾವು ಬಂದ ಹಂತದಲ್ಲಿ ಉಳಿಸುವುದು ಬಹಳ ಕಷ್ಟ. ಅದಕ್ಕೇ ಆ ಸಣ್ಣ ತಗಡಿನ ಡಬ್ಬ. ವಯರ್ ಚೂರು, ಹಳೆ ನಟ್ಟು, ಮೊಳೆ, ಟೈರಿನಿಂದ ಕಿತ್ತ ತಂತಿ ಎಲ್ಲವೂ ನೆಲಕ್ಕೆ ಬೀಳದೆ ಅದರೊಳಕ್ಕೆ ಹೋಗಬೇಕು. ಕೆಲಸ ಮುಗಿದ ಮೇಲೆ ಒಂದು ಅಯಸ್ಕಾಂತವನ್ನು ನೆಲದ ಮೇಲೆ ಆಡಿಸಿಬಿಡಿ.

ಹಳೆ ಬ್ಯಾಟರಿ: ಗಾಡಿಯ ಬ್ಯಾಟರಿಯಲ್ಲಿ ಸೀಸವಿದೆ. ಒಡೆದ ಬ್ಯಾಟರಿ ಮೂಲೆಯಲ್ಲಿ ಬಿದ್ದಿದ್ದರೆ ದನಗಳು, ಅದರಲ್ಲೂ ಕರುಗಳು, ಅದನ್ನು ನೆಕ್ಕುತ್ತವೆ. ಕಣ್ಣು ಕಾಣದಂತಾಗುವುದು, ಹಲ್ಲು ಕಡಿಯುವುದು, ಮೈ ಅದುರುವುದು, ಗೋಡೆಗೆ ತಲೆ ಒತ್ತಿ ನಿಲ್ಲುವುದು ಸೀಸದ ವಿಷದ ಲಕ್ಷಣ. ಹುಚ್ಚು ನಾಯಿ ರೋಗದಲ್ಲೂ ಕೆಲವು ಲಕ್ಷಣ ಹೀಗೆಯೇ ಇರುವುದರಿಂದ ಬರಿಗೈಯಲ್ಲಿ ಬಾಯಿಗೆ ಕೈ ಹಾಕದೆ ಕೂಡಲೇ ನಮಗೆ ತಿಳಿಸಿ. ಹಳೆ ಬ್ಯಾಟರಿಯನ್ನು ಅಂಗಡಿಗೆ ಹಿಂತಿರುಗಿಸಿ, ಹೊಸದರ ಬೆಲೆಯಲ್ಲಿ ಅಷ್ಟು ಕಡಿತವೂ ಸಿಗುತ್ತದೆ.

ಸುಟ್ಟ ಆಯಿಲ್: ಬಸಿದ ಆಯಿಲನ್ನು ಹಸುವಿನ ಗಾಯಕ್ಕೆ, ಕಜ್ಜಿಗೆ, ಉಣ್ಣೆಗೆ ಹಚ್ಚುವ ಪದ್ಧತಿ ಇನ್ನೂ ಇದೆ. ದಯವಿಟ್ಟು ನಿಲ್ಲಿಸಿ. ಅದರಲ್ಲಿ ಲೋಹದ ಅಂಶಗಳೂ ಹಾನಿಕರ ರಾಸಾಯನಿಕಗಳೂ ಇರುತ್ತವೆ. ಅದು ಚರ್ಮವನ್ನು ಸುಡುತ್ತದೆ, ನೆಕ್ಕಿದರೆ ಹೊಟ್ಟೆ ಸೇರುತ್ತದೆ. ಗಾಯಕ್ಕೂ ಉಣ್ಣೆಗೂ ಸರಿಯಾದ ಔಷಧಿಗಳಿವೆ, ಕೇಳಿ ಪಡೆಯಿರಿ. ಬಸಿದ ಆಯಿಲನ್ನು ಮುಚ್ಚಳದ ಐದು ಲೀಟರ್ ಡಬ್ಬದಲ್ಲಿ ಹಿಡಿದು ಗ್ಯಾರೇಜಿಗೆ ಕೊಡಿ. ತೆರೆದ ಬಾಣಲೆಯಲ್ಲಿ ಬಿಟ್ಟರೆ ಬಾಯಾರಿದ ಕರು ಬಾಯಿ ಹಾಕೀತು. ಚರಂಡಿಗೋ ತಿಪ್ಪೆಗೋ ಸುರಿದರೆ ಬಾವಿ, ಬೋರ್‌ವೆಲ್ ನೀರಿಗೆ ಕೇಡು.

ಪೆಟ್ರೋಲ್ ಕೈ: ಹಾಲು ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಹಾಲು ಕರೆಯುವ ಮೊದಲು ಗಾಡಿಗೆ ಕೈ ಹಾಕಬೇಡಿ. ಹಾಕಿದ್ದರೆ ಸೋಪಿನಲ್ಲಿ ಚೆನ್ನಾಗಿ ತೊಳೆದೇ ಕೆಚ್ಚಲು ಮುಟ್ಟಿ. ಪೆಟ್ರೋಲ್, ಸೀಮೆಎಣ್ಣೆ, ಆಯಿಲ್ ಯಾವುದನ್ನೂ ಹಾಲಿನ ಕ್ಯಾನಿನಲ್ಲಿ ಒಮ್ಮೆಯೂ ಹಿಡಿಯಬೇಡಿ.

ಕಾಲುಬಾಯಿ ಜ್ವರದ ಕಾಲದಲ್ಲಿ: ಡೇರಿಯ ಮುಂದೆ ಹತ್ತಾರು ಕೊಟ್ಟಿಗೆಗಳ ಗಾಡಿಗಳು ಸೇರುತ್ತವೆ. ಟೈರಿಗೆ ಅಂಟಿದ ಸಗಣಿ, ಜೊಲ್ಲಿನ ಜೊತೆ ವೈರಾಣುವೂ ಮನೆಗೆ ಬರಬಹುದು. ಊರಿನಲ್ಲಿ ರೋಗವಿದ್ದರೆ ಗಾಡಿಯನ್ನು ಕೊಟ್ಟಿಗೆಯಿಂದ ದೂರ ನಿಲ್ಲಿಸಿ. ಟೈರಿನ ಕೊಳೆ ತೊಳೆದು, ಒಂದು ಲೀಟರ್ ನೀರಿಗೆ 40 ಗ್ರಾಂ ಬಟ್ಟೆ ಸೋಡಾ ಕರಗಿಸಿ ಟೈರಿಗೂ ಚಪ್ಪಲಿಗೂ ಹಾಕಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಇದಕ್ಕೆ ಅಡುಗೆ ಸೋಡಾ ಆಗುವುದಿಲ್ಲ. ಸೋಡಾ ನೀರು ಅಲ್ಯೂಮಿನಿಯಂ ಕ್ಯಾನಿಗೆ ತಾಗದಂತೆ ನೋಡಿಕೊಳ್ಳಿ, ಅದು ಲೋಹವನ್ನು ತಿನ್ನುತ್ತದೆ. ಆರು ತಿಂಗಳಿಗೊಮ್ಮೆ ಹಾಕುವ ಲಸಿಕೆಯನ್ನು ತಪ್ಪಿಸಬೇಡಿ.

ಗೋಡೆಗೆ ಅಂಟಿಸಿಕೊಳ್ಳಲು

- ದಿನಾ: ಗಾಳಿ, ಬ್ರೇಕು, ದೀಪ, ಸೋರಿಕೆ, ಕ್ಯಾನಿನ ಕಟ್ಟು.
- ವಾರಕ್ಕೊಮ್ಮೆ: ಗೇಜಿನಲ್ಲಿ ಗಾಳಿ, ಚೈನಿನ ಆಟ, ಚೈನಿಗೆ ಆಯಿಲ್.
- ತಿಂಗಳಿಗೊಮ್ಮೆ: ಇಂಜಿನ್ ಆಯಿಲ್ ಮಟ್ಟ, ಫಿಲ್ಟರ್, ಪ್ಲಗ್ಗು, ಬ್ರೇಕ್ ಗುರುತು.
- ಕೆಲಸ ಮುಗಿದ ಮೇಲೆ: ಕಸ ಡಬ್ಬಕ್ಕೆ, ನೆಲಕ್ಕೆ ಅಯಸ್ಕಾಂತ, ಕೈಗೆ ಸೋಪು.

ಈ ವಾರ ಚೈನು ಒಂದನ್ನೇ ಕಲಿಯಿರಿ. ಮುಂದಿನ ವಾರ ಬ್ರೇಕು. ಅನುಮಾನವಿದ್ದರೆ ನಿಮ್ಮೂರ ಮೆಕ್ಯಾನಿಕ್‌ನನ್ನು ಕೇಳಿ. ಹಸುವಿನ ವಿಷಯವಾದರೆ ಎಂದಿನಂತೆ ಹಾಲು ಹಾಕುವ ಹೊತ್ತಿನಲ್ಲಿ ಸಂಘದಲ್ಲಿ ಹೇಳಿ ಕಳಿಸಿ.

– ಪಶುವೈದ್ಯಾಧಿಕಾರಿ, ಹುಣಸಮಾರನಹಳ್ಳಿ